ಚಿಮಣಿ ಹಾಕಿಸಿದ ಮೇಲೆ ಪಿಕಪ್‌ಗೆ ಪಿಕಪ್ಪೇ ಇಲ್ಲ!

ಸಿರುಗುಪ್ಪ_ಸಿಂಹ (ಸೋಮವಾರ, ರಾತ್ರಿ 10:40)
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ನನ್ನ ಪಿಕಪ್ ಗಾಡಿಗೆ ಕ್ಯಾಬಿನ್ ಹಿಂದೆ ಎರಡೂ ಕಡೆ ಚಿಮಣಿ, ಅಂದರೆ ನೆಟ್ಟಗೆ ನಿಲ್ಲುವ ಸೈಲೆನ್ಸರ್ ಪೈಪ್, ಎಬ್ಬಿಸಿದ್ದೇನೆ. 4 ಇಂಚು, ಫಳಫಳ ಹೊಳೆಯುವ ಸ್ಟೀಲು, ಬಾಯಿ ಓರೆಯಾಗಿ ಕತ್ತರಿಸಿದ್ದು. ಅಮೆರಿಕದ ಪೀಟರ್‌ಬಿಲ್ಟ್ ಲಾರಿಗಳಿಗೆ ಇರುತ್ತಲ್ಲ, ಹಾಗೆ. ಹಿಂದೆ ಡಬ್ಬ ಇಲ್ಲ, ಬರೀ ಚಪ್ಪಟೆ ಹಲಗೆ. ಅದಕ್ಕೆ ಚಿಮಣಿ ಎದ್ದು ಕಾಣುತ್ತೆ. ನೋಡೋಕೆ ಒಂದು ಮಾತಿಲ್ಲ.

ಆದರೆ ನಿನ್ನೆ ಲೋಡ್ ಹಾಕಿಕೊಂಡು ಸಂಡೂರು ಕಡೆ ಹೋದರೆ ಏರಿನಲ್ಲಿ ಸತ್ತೇ ಹೋಯಿತು. ಎರಡನೇ ಗೇರು, ಆಕ್ಸಿಲರೇಟರ್ ನೆಲ ಮುಟ್ಟಿದೆ, ಗಾಡಿ ಮಾತ್ರ ಎತ್ತಿನ ಬಂಡಿ. ಅದಿರು ಲಾರಿ ನನ್ನನ್ನು ಹಿಂದೆ ಹಾಕಿ ಹೋಯಿತು ಅಂದರೆ ಯೋಚನೆ ಮಾಡಿ. ಲೇತ್‌ನವನು ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಹೋಗಿದೆ ಅಂತಾನೆ, ಗ್ಯಾರೇಜಿನವನು ಡೀಸೆಲ್ ಪಂಪ್ ಅಂತಾನೆ. ಇಬ್ಬರೂ ಮುಂಗಡ ಕೇಳ್ತಾರೆ. ಬೇಗ ಹೇಳಿ.

ಶಕ್ತಿನಗರ_ಸೀನಿ
ಯಾವ ಗಾಡಿ, ಯಾವ ವರ್ಷದ್ದು? ಫೋಟೊ ನೋಡಿದೆ. ನಮ್ಮ ಶಕ್ತಿನಗರ ಕರೆಂಟ್ ಸ್ಥಾವರದ ಚಿಮಣಿ ಎರಡು ಕಿತ್ಕೊಂಡು ಹೋದ ಹಾಗಿದೆಯಲ್ರೀ! ಊರಲ್ಲಿ ಕರೆಂಟ್ ಹೋದರೆ ನಿಮ್ಮನ್ನೇ ಹುಡುಕಿಕೊಂಡು ಬರ್ತೀವಿ.

ಹುರಿಮೀಸೆ_407
ವರ್ಷ ಗಿರ್ಷ ಏನೂ ಬೇಡ. ಇದು ಬ್ಯಾಕ್ ಪ್ರೆಶರ್. ಕಂಪನಿ ಪೈಪು ಸಣ್ಣದು, ನೀನು 4 ಇಂಚಿನವು ಎರಡು ಹಾಕಿದ್ದೀಯ. ಹೊಗೆಗೆ ಒತ್ತಡವೇ ಇಲ್ಲ. ಎಂಜಿನ್ನಿಗೆ ಹಿಂದಿನಿಂದ ಸ್ವಲ್ಪ ತಡೆ ಬೇಕು ತಮ್ಮಾ, ಇಲ್ಲಾಂದ್ರೆ ಶಕ್ತಿ ಸೋರಿ ಹೋಗುತ್ತೆ. ಪೈಪಿನೊಳಗೆ ತೂತು ಹೊಡೆದ ತಗಡಿನ ಬಿಲ್ಲೆ ಕೂರಿಸು. ಸಂಜೆಗೆ ಸರಿ ಹೋಗುತ್ತೆ.

ಕೊಪ್ಪಳ_ಸ್ಪ್ಯಾನರ್
ಕಾಕಾ, ಟರ್ಬೊ ಡೀಸೆಲ್‌ಗೆ ಬ್ಯಾಕ್ ಪ್ರೆಶರ್ ಯಾಕೆ ಬೇಕು? ಟರ್ಬೊ ದಾಟಿದ ಮೇಲೆ ಹೊಗೆ ಎಷ್ಟು ಸಲೀಸಾಗಿ ಹೊರಗೆ ಹೋಗುತ್ತೋ ಅಷ್ಟು ಒಳ್ಳೆಯದು, ಟರ್ಬೈನ್ ಹಗುರಾಗಿ ತಿರುಗುತ್ತೆ. ಪೈಪ್ ದಪ್ಪ ಆದರೆ ಸದ್ದು ಜಾಸ್ತಿ ಆಗಬಹುದು, ಶಕ್ತಿ ಹೋಗಲ್ಲ. ಬಿಲ್ಲೆ ಗಿಲ್ಲೆ ಹಾಕಬೇಡಿ.

ಹುರಿಮೀಸೆ_407
ನಾನು ಟಾಟಾ 407 ಲಾರಿ ಓಡಿಸೋಕೆ ಶುರು ಮಾಡಿದಾಗ ನೀನು ಹುಟ್ಟಿರಲಿಲ್ಲ. 407 ಬಂದಿದ್ದು 1986ರಲ್ಲಿ. ನನ್ನ ಗಾಡಿ ಇನ್ನೂ ಓಡುತ್ತಿದೆ. ಎರಡು ಸಲ ಎಂಜಿನ್ ಬಿಚ್ಚಿಸಿದ್ದೇನೆ, ಮುಂದೆ ನವಿಲುಗರಿ, ಪೀಪಿ ಹಾರ್ನು, ಹಿಂದೆ ಕಿನ್ನಾಳದ ಕಲಾವಿದರ ಕೈಯಲ್ಲಿ ಬರೆಸಿದ ಗರುಡ. ಮಳೆಯಲ್ಲೂ ಬಣ್ಣ ಹೋಗಿಲ್ಲ.

ಕುಡತಿನಿ_ಕಿಟ್ಟಿ
ಗರುಡನ ಫೋಟೊ ಹಾಕಿ ಕಾಕಾ. ಮತ್ತೆ ಸೀನಿ ಅವರೇ, ಚಿಮಣಿ ಅಂದರೆ ನಮ್ಮ ಕುಡತಿನಿ ಸ್ಥಾವರದ್ದು. 3 ಯೂನಿಟ್‌ಗೇ 1,700 ಮೆಗಾವಾಟ್. ನಿಮಗೆ ಅಷ್ಟು ತೆಗೆಯೋಕೆ 8 ಯೂನಿಟ್ ಬೇಕು.

ಶಕ್ತಿನಗರ_ಸೀನಿ
1,720. ಆ 20 ನುಂಗಬೇಡಿ. ನಾವು 1985ರಿಂದ ಉರಿಸ್ತಿದೀವಿ.

ಸಿರುಗುಪ್ಪ_ಸಿಂಹ
ನನ್ನ ಗಾಡಿ ಏರು ಹತ್ತುತ್ತಿಲ್ಲ, ನೀವು ಮೆಗಾವಾಟ್ ಎಣಿಸ್ತಿದೀರಿ. ಗಾಡಿ 2.5 ಲೀಟರ್ ಡೀಸೆಲ್. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಆ ಜಗಳ ಬೇರೆ ಶುರುವಾಗುತ್ತೆ. ಸ್ಟೀಲು ಸ್ಟೇನ್‌ಲೆಸ್ 304, ಜಿಐ ಪೈಪ್ ಅಲ್ಲ, ಅದನ್ನು ನಾನೇ ನಿಂತು ನೋಡಿದ್ದೇನೆ. ಪಾಲಿಶ್‌ಗೇ ಒಂದು ದಿನ ಹಿಡಿಯಿತು. ಇಂದು ಒಂದು ಚಿಮಣಿಗೆ ಬಿಲ್ಲೆ ಹಾಕಿಸಿದೆ. ಇನ್ನೂ ಕೆಟ್ಟಿತು.

ಹುರಿಮೀಸೆ_407
ತೂತು ಸಣ್ಣ ಆಗಿಬಿಟ್ಟಿರಬೇಕು. ದೊಡ್ಡದು ಮಾಡಿಸು.

ಮಸಿ_ಮೇಸ್ತ್ರಿ (ಮಂಗಳವಾರ, ರಾತ್ರಿ 9:15)
ಬಿಲ್ಲೆ ಇವತ್ತೇ ತೆಗೆಸಪ್ಪಾ. ಈಗ ಮೂರು ಮಾತು ಕೇಳ್ತೀನಿ, ಪಾಲಿಶ್ ಬಿಟ್ಟು ಉತ್ತರ ಹೇಳು. ಒಂದು, ಮೀಟರ್ ಬೋರ್ಡಿನಲ್ಲಿ ಯಾವುದಾದರೂ ದೀಪ ಉರಿಯುತ್ತಿದೆಯಾ? ಎರಡು, ವೆಲ್ಡಿಂಗ್ ಮಾಡುವಾಗ ಬ್ಯಾಟರಿ ವೈರ್ ತೆಗೆದಿದ್ದರಾ? ಮೂರು, ಗಾಡಿ ಯಾವ ಹೊಗೆ ಮಿತಿಯದ್ದು, ಬಿಎಸ್ 4 ಅಥವಾ ಬಿಎಸ್ 6? 2020ರ ಏಪ್ರಿಲ್ ನಂತರದ್ದಾದರೆ ಬಿಎಸ್ 6.

ಸಿರುಗುಪ್ಪ_ಸಿಂಹ
2022. ದೀಪ ಎರಡು ಉರೀತಿವೆ, ಒಂದು ಎಂಜಿನ್ ಚಿತ್ರದ್ದು, ಇನ್ನೊಂದು ಡಬ್ಬಿಯೊಳಗೆ ಚುಕ್ಕಿ ಇರುವ ಚಿತ್ರ. ಚಿಮಣಿ ಹಾಕಿದ ಮಾರನೇ ದಿನದಿಂದ ಇವೆ. ಸೈಲೆನ್ಸರ್‌ಗೂ ದೀಪಕ್ಕೂ ಏನು ಸಂಬಂಧ ಅಂದುಕೊಂಡು ನಾನು ಹೇಳಲಿಲ್ಲ. ಬ್ಯಾಟರಿ ವೈರ್ ತೆಗೆದರೋ ಇಲ್ಲವೋ ನೆನಪಿಲ್ಲ, ನಾನು ಆಗ ಮಿರ್ಚಿ ತಿನ್ನೋಕೆ ಹೋಗಿದ್ದೆ.

ಮಸಿ_ಮೇಸ್ತ್ರಿ
ಸಂಬಂಧ ಇಡೀ ಅಲ್ಲೇ ಇದೆಯಪ್ಪಾ. ಆ ಚುಕ್ಕಿ ಡಬ್ಬಿ ಅಂದರೆ ಡಿಪಿಎಫ್, ಮಸಿ ಹಿಡಿಯುವ ಫಿಲ್ಟರ್. ಅದಕ್ಕೆ ಮುಂದೊಂದು ಹಿಂದೊಂದು ಸಣ್ಣ ಕೊಳವೆ ಇರುತ್ತವೆ, ಅವು ರಬ್ಬರ್ ಪೈಪ್‌ಗಳಿಗೆ ಸೇರಿ ಒಂದು ಸೆನ್ಸರ್‌ಗೆ ಹೋಗುತ್ತವೆ. ಫಿಲ್ಟರ್‌ನ ಎರಡೂ ಕಡೆ ಒತ್ತಡ ಎಷ್ಟು ವ್ಯತ್ಯಾಸ ಇದೆ ನೋಡಿ, ಒಳಗೆ ಎಷ್ಟು ಮಸಿ ತುಂಬಿದೆ ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುತ್ತೆ. ತುಂಬಿದರೆ ಸುಮಾರು 600 ಡಿಗ್ರಿ ಬಿಸಿ ಮಾಡಿ ಸುಟ್ಟುಕೊಳ್ಳುತ್ತೆ. ಆ ರಬ್ಬರ್ ಪೈಪ್ ಕರಗಿದರೆ ಲೆಕ್ಕ ತಪ್ಪುತ್ತೆ. ಲೆಕ್ಕ ತಪ್ಪಿದರೆ ಸುಡೋದು ನಿಲ್ಲಿಸುತ್ತೆ, ಎಂಜಿನ್ ಉಳಿಸಿಕೊಳ್ಳೋಕೆ ಶಕ್ತಿ ಇಳಿಸುತ್ತೆ. ನಿನ್ನ ಗಾಡಿ ಬೇಕಂತಲೇ ಕುಂಟುತ್ತಿದೆ.

ಫೋಟೊದಲ್ಲಿ ನಿನ್ನ ಹೊಸ ಸೈಲೆನ್ಸರ್ ಪೈಪಿನ ಬೆಂಡ್ ಚಾಸಿಗೆ ತೀರಾ ಅಂಟಿಕೊಂಡು ಹೋಗಿದೆ. ರಬ್ಬರ್ ಪೈಪ್ ಅಲ್ಲೇ ಎಲ್ಲೋ ಕರಗಿರಬೇಕು. ಹಾಗೇ ಡೀಸೆಲ್ ಲೈನಿಗೂ ಬೆಂಡಿಗೂ ಎಷ್ಟು ಅಂತರ ಇದೆ ಅಳೆದುಬಿಡು. ಮೋಟಾರು ವಾಹನ ನಿಯಮದ ಪ್ರಕಾರ 35 ಮಿಲಿಮೀಟರ್‌ಗಿಂತ ಹತ್ತಿರ ಇರಬಾರದು.

ಕುಡತಿನಿ_ಕಿಟ್ಟಿ
ಆ ಡಬ್ಬಿಯೇ ಕಿತ್ತು ಬಿಸಾಕಿದರೆ? ಒಂದೇ ಸಲಕ್ಕೆ ರಗಳೆ ಮುಗೀತು.

ಮಸಿ_ಮೇಸ್ತ್ರಿ
ಮುಗಿಯಲ್ಲ, ಶುರುವಾಗುತ್ತೆ. ಕಾನೂನು ಒಪ್ಪಲ್ಲ. ಕಿತ್ತರೂ ಇಸಿಯು ಅದನ್ನೇ ಹುಡುಕುತ್ತಾ ಕೂರುತ್ತೆ.

ಹುರಿಮೀಸೆ_407
ಫಿಲ್ಟರ್ ಮುಂದೆ ಒತ್ತಡ, ಹಿಂದೆ ಒತ್ತಡ ಅಂದರೆ ಏನು? ಬ್ಯಾಕ್ ಪ್ರೆಶರ್ ತಾನೆ? ನಾನು ಮೊದಲನೇ ದಿನವೇ ಹೇಳಿದ್ದೆ.

ಕೊಪ್ಪಳ_ಸ್ಪ್ಯಾನರ್
ನೀವು ಹೇಳಿದ್ದು ಒತ್ತಡ ಕಡಿಮೆ ಆಗಿದೆ ಅಂತ ಕಾಕಾ!

ಸಿಂಧನೂರು_ಹುಲ್ಲು
ನನ್ನದು ಬೇರೆ ಪ್ರಶ್ನೆ. ಹಲಗೆ ಗಾಡಿ ಅಂದಿರಿ, ಏನು ಲೋಡ್ ಹಾಕ್ತೀರಿ? ನಮ್ಮ ಕಡೆ ಭತ್ತದ ಹುಲ್ಲು, ರಾಯಚೂರು ಮಾರ್ಕೆಟ್‌ಗೆ ಹತ್ತಿ. ಕ್ಯಾಬಿನ್ ಹಿಂದೆ ಬಿಸಿ ಪೈಪ್, ಅದರ ಬೆನ್ನಿಗೆ ಹುಲ್ಲಿನ ಗುಡ್ಡ. ಮೇಸ್ತ್ರಿ ಹೇಳಿದ 600 ಡಿಗ್ರಿ ಕೇಳಿದ ಮೇಲೆ ನನಗಂತೂ ಎದೆ ಢವಢವ. ಟ್ರ್ಯಾಕ್ಟರ್‌ಗೂ ಮೇಲೇ ಸೈಲೆನ್ಸರ್ ಇರುತ್ತೆ, ಆದರೆ ಅದು ಎಂಜಿನ್ ಹತ್ತಿರ ಮುಂದಿರುತ್ತೆ, ಹುಲ್ಲು ಹಿಂದಿನ ಟ್ರಾಲಿಯಲ್ಲಿ. ಮಧ್ಯದಲ್ಲಿ ತೂತಿನ ತಗಡಿನ ಗೋಡೆಯಾದರೂ ನಿಲ್ಲಿಸಿ, ಪೈಪಿಗೂ ತಗಡಿಗೂ ಗಾಳಿ ಆಡುವಷ್ಟು ಜಾಗ ಬಿಟ್ಟು. ಹುಲ್ಲು ಮಾತ್ರ ಆ ಗಾಡಿಗೆ ಹಾಕಲೇಬೇಡಿ.

ಕರಿಕೋಟು_ಬಳ್ಳಾರಿ
ತಡವಾಗಿ ಬಂದೆ. ಆರ್‌ಸಿ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಕಂಪನಿ ಕೊಟ್ಟಿದ್ದನ್ನು ಅನುಮತಿ ಇಲ್ಲದೆ ಬದಲಾಯಿಸಿದರೆ ಮಾಲೀಕನ ಮೇಲೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 182ಎ(4). ಒಂದೊಂದು ಬದಲಾವಣೆಗೆ 5,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು, ಹೊಗೆ ಮಿತಿ ಮೀರಿದರೆ 190(2), ಅದು ಮೊದಲ ಸಲಕ್ಕೇ 10,000ದವರೆಗೆ.

ಶಕ್ತಿನಗರ_ಸೀನಿ
ಎರಡು ಚಿಮಣಿ ಅಂದರೆ ಒಂದು ಬದಲಾವಣೆಯಾ, ಎರಡಾ?

ಕರಿಕೋಟು_ಬಳ್ಳಾರಿ
ಎರಡು ಅಂತ ವಾದ ಮಾಡಬಹುದು.

ಕೊಪ್ಪಳ_ಸ್ಪ್ಯಾನರ್
ಒಂದೇ ಸೈಲೆನ್ಸರ್ ಲೈನು ಕವಲು ಒಡೆದಿದ್ದು ಅಂತಲೂ ಮಾಡಬಹುದಲ್ವಾ?

ಕರಿಕೋಟು_ಬಳ್ಳಾರಿ
ಮಾಡಿ. ಫೀಸ್ ನನಗೇ ಬರುತ್ತೆ.

ಸಿರುಗುಪ್ಪ_ಸಿಂಹ (ಶುಕ್ರವಾರ, ಸಂಜೆ 6:05)
ಮೇಸ್ತ್ರಿ, ಕಾಲಿಗೆ ಬೀಳ್ತೀನಿ. ಮುಂದಿನ ರಬ್ಬರ್ ಪೈಪ್ ಬೆಂಡಿಗೆ ತಾಗಿ ಚೂಯಿಂಗ್ ಗಮ್ ಆಗಿತ್ತು. ಪೈಪ್ ಬದಲಾಯಿಸಿ, ಬೆಂಡ್ ದೂರ ಸರಿಸಿ, ಸ್ಕ್ಯಾನರ್ ಹಾಕಿ ಫಿಲ್ಟರ್‌ನ ಮಸಿ ಸುಡಿಸಿದರು. ಅರ್ಧ ಗಂಟೆ ನಿಂತಲ್ಲೇ ಗುಂಯ್ ಅಂತು. ದೀಪ ಎರಡೂ ಆರಿವೆ, ಗಾಡಿ ಮೊದಲಿನ ಹಾಗೆ ಎಳೆಯುತ್ತಿದೆ. ಡೀಸೆಲ್ ಲೈನ್ ಅಂತರ 20 ಮಿಲಿಮೀಟರ್ ಇತ್ತು, ಅದನ್ನೂ ಸರಿ ಮಾಡಿಸಿದೆ. ಹುಲ್ಲು ಹಾಕಲ್ಲ, ನನ್ನದು ಸಿಮೆಂಟ್ ಇಟ್ಟಿಗೆ.

ಈಗ ಒಂದು ಸಣ್ಣ ವಿಷಯ. ಬುಧವಾರ ಮಳೆ ಬಂತಲ್ಲ, ಆಗಿನಿಂದ ಬ್ರೇಕ್ ಹಾಕಿದರೆ ಎಡಗಡೆ ಚಿಮಣಿಯಲ್ಲಿ ಕೊಡದಲ್ಲಿ ನೀರು ಕುಲುಕಿದ ಸದ್ದು.

ಮಸಿ_ಮೇಸ್ತ್ರಿ
ಬಾಯಿಗೆ ಮುಚ್ಚಳ ಇಲ್ಲವಾ? ಟ್ರ್ಯಾಕ್ಟರ್‌ಗೆ ಇರುವಂಥದ್ದು, ಹೊಗೆ ತಳ್ಳಿದಾಗ ತೆರೆದುಕೊಳ್ಳುತ್ತಲ್ಲ. ಆದರೂ ನೀರು ನಿಲ್ಲಬಾರದಲ್ಲ, ಎಂಜಿನ್ ಬಿಸಿಗೆ ಆರಿ ಹೋಗಬೇಕು.

ಸಿರುಗುಪ್ಪ_ಸಿಂಹ
ಎಡಗಡೆ ಬಿಸಿ ಆಗಲ್ಲ ಮೇಸ್ತ್ರಿ. ಅದು ಡಮ್ಮಿ. ಕೆಳಗೆ ಮುಚ್ಚಿ ವೆಲ್ಡ್ ಮಾಡಿದ್ದಾರೆ. ಹೊಗೆ ಬಲಗಡೆ ಒಂದರಲ್ಲೇ ಬರೋದು. ಹೇಳಿರಲಿಲ್ವಾ?

ಹುರಿಮೀಸೆ_407
ಲೇ! ನಾಲ್ಕು ದಿನದಿಂದ ಎರಡು ಪೈಪಿನ ಲೆಕ್ಕ ಹಾಕ್ತಿದೀನಿ! ಬಿಲ್ಲೆ ಯಾವುದರಲ್ಲಿ ಹಾಕಿಸಿದ್ದೆ?

ಸಿರುಗುಪ್ಪ_ಸಿಂಹ
ಬಲಗಡೆಯದರಲ್ಲಿ ಕಾಕಾ.

ಮಸಿ_ಮೇಸ್ತ್ರಿ
ಡಮ್ಮಿಯ ಬುಡಕ್ಕೆ 6 ಮಿಲಿಮೀಟರ್ ಡ್ರಿಲ್ ಹೊಡೆಸು, ನೀರು ಇಳಿದು ಹೋಗುತ್ತೆ. ಇಲ್ಲಾಂದ್ರೆ ಸೊಳ್ಳೆ ಸಾಕಿದ ಹಾಗೆ.

ಸಿರುಗುಪ್ಪ_ಸಿಂಹ
ಸರಿ. ವಕೀಲರೇ, ಡಮ್ಮಿಗೂ 5,000 ಆಗುತ್ತಾ?