ಅಮ್ಮನ ಬಿಪಿ ಪುಸ್ತಕ, ಮಂಡಿ ನೋವಿನ ಮಾತ್ರೆ, ಕ್ರಿಯಾಟಿನಿನ್ 1.3: ಭಯ ಪಡಬೇಕಾ?

ಕಲ್ಪತರು ನಾಡಿನವಳು:
ಅಮ್ಮನಿಗೆ 62 ವರ್ಷ, ತಿಪಟೂರಿನ ಹತ್ತಿರ ಊರಲ್ಲಿ ಒಬ್ಬರೇ ಇದ್ದಾರೆ. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಝೈಡ್ ಸೇರಿರುವ ಮಾತ್ರೆ. ಹೋದ ದೀಪಾವಳಿಗೆ ಬಿಪಿ ಮಷೀನ್ ಕೊಡಿಸಿದ್ದೆ. ದಿನಾ ನೋಡಿ, ಹಳೇ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದು, ವಾಟ್ಸ್ಯಾಪ್‌ನಲ್ಲಿ ಫೋಟೋ ಕಳಿಸುತ್ತಾರೆ. 126, 130 ಇರುತ್ತಿದ್ದದ್ದು ಈಗ ಎರಡು ವಾರದಿಂದ 146, 150. ಸಂಜೆ ಹೊತ್ತಿಗೆ ಪಾದ ಊದಿ, ಚಪ್ಪಲಿ ಪಟ್ಟಿಯ ಗುರುತು ಹಾಗೇ ಉಳಿಯುತ್ತದೆ. ಬಿಪಿ ಮಾತ್ರೆ ಡೋಸ್ ಸಾಲುತ್ತಿಲ್ಲವೇನೋ ಅಂತ ಊರಿಗೆ ಹೋದರೆ ಉಪ್ಪಿನ ಡಬ್ಬಿ ಹಿಂದೆ ಅಸೆಕ್ಲೋಫೆನಾಕ್‌ನ ನಾಲ್ಕು ಖಾಲಿ ಶೀಟು! ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದಂತೆ, ದಿನಕ್ಕೆ ಎರಡು. "ನೋವಿನ ಮಾತ್ರೆ ತಾನೇ, ಅದನ್ನೇನು ನಿಂಗೆ ಹೇಳೋದು" ಅಂದರು. ರಕ್ತ ಪರೀಕ್ಷೆ ಮಾಡಿಸಿದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.3, ಹೋದ ವರ್ಷ 0.8 ಇತ್ತು. ಲ್ಯಾಬಿನಲ್ಲಿ "ಸ್ವಲ್ಪ ಜಾಸ್ತಿ ಅಷ್ಟೇ" ಅಂದರು. ಡಾಕ್ಟರ್ ಸಿಗೋದು ಮುಂದಿನ ವಾರ. ನಾನು ಸುಮ್ನೆ ಭಯ ಪಡ್ತಿದ್ದೀನಾ?

ಔಷಧಿ ಅಂಗಡಿಯವನು:
ಸುಮ್ನೆ ಅಲ್ಲ ಅಕ್ಕಾ. ಮುಂದಿನ ವಾರ ಬೇಡ, ನಾಳೆನೇ ಯಾರಾದರೂ ಡಾಕ್ಟರಿಗೆ ತೋರಿಸಿ, ಖಾಲಿ ಶೀಟುಗಳನ್ನೂ ಪುಸ್ತಕವನ್ನೂ ತಗೊಂಡು ಹೋಗಿ. 1.3 ನೋಡೋಕೆ ಸಣ್ಣ ನಂಬರು, ಆದರೆ 62ರ ಹೆಂಗಸಿಗೆ ಲೆಕ್ಕ ಹಾಕಿದರೆ ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನೋ ಅಂದಾಜು, ಸುಮಾರು 46ಕ್ಕೆ ಇಳಿದಿರುತ್ತದೆ. 0.8ರಿಂದ 1.3 ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ.
ಆಗಿರೋದು ಏನಿರಬಹುದು ಅಂದರೆ, ಕಿಡ್ನಿಯ ಸೋಸುವ ಭಾಗಕ್ಕೆ ರಕ್ತ ಒಳಗೆ ಬರುವ ನಾಳವನ್ನು ಪ್ರೊಸ್ಟಾಗ್ಲಾಂಡಿನ್ ಅನ್ನೋ, ಮೈಯಲ್ಲೇ ತಯಾರಾಗುವ ವಸ್ತು ತೆರೆದಿಟ್ಟಿರುತ್ತದೆ. ನೋವಿನ ಮಾತ್ರೆ ಅದನ್ನು ತಡೆದು ಆ ನಾಳವನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಅದರ ಜೊತೆಗಿರುವ ಹೈಡ್ರೋಕ್ಲೋರೋಥಯಝೈಡ್ ನೀರು ಇಳಿಸುವ ಮಾತ್ರೆ, ಅದು ಮೈಯಲ್ಲಿರುವ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಸೋಸುವುದಕ್ಕೆ ಒತ್ತಡವೇ ಸಾಲುವುದಿಲ್ಲ. ನೋವಿನ ಮಾತ್ರೆ ಉಪ್ಪು, ನೀರು ಹಿಡಿದಿಡುತ್ತದೆ, ಅದಕ್ಕೇ ಬಿಪಿ ಏರಿ ಕಾಲೂ ಊದುತ್ತದೆ. ಅಸೆಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಬಿಡಿಸಬೇಡಿ.

ಮೈಸೂರು ಮೇಷ್ಟ್ರು:
ಮೇಲಿನವರು ಹೇಳಿದ್ದು ಸರಿ. ಇದರ ಮೇಲೆ ದೊಡ್ಡ ಅಧ್ಯಯನವೇ ಇದೆ. ಬ್ರಿಟನ್‌ನ ಸುಮಾರು 4.87 ಲಕ್ಷ ಬಿಪಿ ರೋಗಿಗಳ ದಾಖಲೆ ನೋಡಿ 2013ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಮೂರೂ ಬಗೆಯ ಮಾತ್ರೆ ಒಟ್ಟಿಗೆ ತಗೊಂಡವರಲ್ಲಿ ಕಿಡ್ನಿಗೆ ದಿಢೀರ್ ಪೆಟ್ಟು ಬೀಳುವ ಅಪಾಯ ಶೇ. 31 ಜಾಸ್ತಿ, ಮೊದಲ 30 ದಿನದಲ್ಲಂತೂ ಶೇ. 82 ಜಾಸ್ತಿ. ನಿಮ್ಮ ಅಮ್ಮನ ನಾಲ್ಕು ಶೀಟು ಅಂದರೆ ಇಪ್ಪತ್ತು ದಿನ, ಸರಿಯಾಗಿ ಆ ತಿಂಗಳೊಳಗೇ. ಬೇಗ ನಿಲ್ಲಿಸಿದರೆ ಕಿಡ್ನಿ ಚೇತರಿಸಿಕೊಳ್ಳುವುದುಂಟು, ಧೈರ್ಯವಾಗಿರಿ.
ಇನ್ನೊಂದು ಮಾತು. ಅಸೆಕ್ಲೋಫೆನಾಕ್‌ನ ಹತ್ತಿರದ ನೆಂಟ ಡೈಕ್ಲೋಫೆನಾಕ್. ಅದನ್ನು ಕೊಟ್ಟ ಪಶುಗಳ ಹೆಣ ತಿಂದೇ ನಮ್ಮ ರಣಹದ್ದುಗಳು ಕಿಡ್ನಿ ಹೋಗಿ ಸತ್ತಿದ್ದು, 2006ರಲ್ಲಿ ಅದನ್ನು ಪಶುಗಳಿಗೆ ನಿಷೇಧಿಸಿದರು. ಹದ್ದಿನ ದೇಹ ಬೇರೆ, ನಮ್ಮದು ಬೇರೆ, ಆದರೂ ಇಂಥ ನೋವಿನ ಮಾತ್ರೆಯನ್ನು ಪೆಪ್ಪರ್‌ಮೆಂಟ್ ಥರ ಕೊಡೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲೀಡ್ಸ್ ಕನ್ನಡಿಗ:
ಇಲ್ಲಿ ಇಂಗ್ಲೆಂಡಿನಲ್ಲಿ ಕೆಲವರಿಗೆ ಮೂತ್ರ ಪರೀಕ್ಷೆಯ ಕಿಟ್ ಮನೆಗೇ ಬರುತ್ತದೆ. ಪಟ್ಟಿ ಅದ್ದಿ ಮೊಬೈಲಿನಲ್ಲಿ ಫೋಟೋ ತೆಗೆದರೆ ಅಲ್ಬುಮಿನ್ ಅನ್ನೋ ಪ್ರೋಟೀನ್ ಮೂತ್ರದಲ್ಲಿ ಎಷ್ಟು ಹೋಗ್ತಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಡಾಕ್ಟರಿಗೂ ಮೂತ್ರದ ಎಸಿಆರ್ (ಇದೇ ಅಲ್ಬುಮಿನ್ ಪರೀಕ್ಷೆ) ಬರೆದುಕೊಡಿ ಅಂತ ಕೇಳಿ. ಮನೆಯ ಮಷೀನಿನಲ್ಲಿ 135/85 ದಾಟಿದರೆ ಜಾಸ್ತಿ ಅಂತ ಲೆಕ್ಕ. ಐದು ನಿಮಿಷ ಒರಗಿ ಕೂತು, ಮಾತಾಡದೆ, ಎರಡು ಸಲ ನೋಡಬೇಕು. ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು ಆ ದಿನ ನುಂಗಿದ ಎಲ್ಲಾ ಮಾತ್ರೆ ಬರೆಸಿ, ತಲೆನೋವಿನದ್ದೂ ಸೇರಿ. ನಮ್ಮಪ್ಪನ ಪುಸ್ತಕದಲ್ಲಿ ಬಿಪಿ ಮಾತ್ರ ಇತ್ತು, ಮಾತ್ರೆ ಇರಲಿಲ್ಲ. ನಮಗೆ ತಿಳಿಯೋ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಕಲ್ಪತರು ನಾಡಿನವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆನೇ ತೋರಿಸಿಕೊಂಡು ಬಂದೆವು. ಬಿಪಿ ಮಾತ್ರೆ ಸದ್ಯಕ್ಕೆ ಬದಲಾಯಿಸಿದ್ದಾರೆ, ನೋವಿಗೆ ಪ್ಯಾರಾಸಿಟಮಾಲ್, ಅದೂ ಲೆಕ್ಕವಿಟ್ಟು. ಮೂರು ದಿನ ಬಿಟ್ಟು ಮತ್ತೆ ಕ್ರಿಯಾಟಿನಿನ್. ಅಮ್ಮ ಸ್ಕೇಲ್ ಇಟ್ಟು ಗೆರೆ ಎಳೆದು, ಮೇಲೆ "ನೋವಿನ ಮಾತ್ರೆ" ಅಂತ ಬರೆದು, ಕೆಳಗೆ ಸೊನ್ನೆ ಹಾಕಿ ಫೋಟೋ ಕಳಿಸಿದ್ದಾರೆ. ತಿಪಟೂರು ಕಡೆ ಮಂಡಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಯಾರಾದರೂ ಗೊತ್ತಾ?