ಸ್ಪಿನ್ ಶುರುವಾದರೆ ಮಷೀನ್ ಕುಣಿಯುತ್ತದೆ, ಬೇರಿಂಗ್ ಹೋಗಿದೆಯಾ?

ಪ್ರಶ್ನೆ:
ನಮಸ್ಕಾರ ಸರ್. ನಮ್ಮದು 7 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮಷೀನ್. ತಗೊಂಡು 6 ವರ್ಷ ಆಯಿತು. ಎರಡು ತಿಂಗಳ ಹಿಂದೆ ಮನೆ ಬದಲಾಯಿಸಿದೆವು. ಅಲ್ಲಿಂದ ಈಚೆಗೆ ಇದೇ ಗೋಳು. ಬಟ್ಟೆ ಒಗೆಯುವಾಗ ತೆಪ್ಪಗಿರುತ್ತದೆ. ಕೊನೆಗೆ ಸ್ಪಿನ್ ಶುರುವಾಯಿತೋ, ದಡದಡ ಅಂತ ಕುಣಿತ. ನಿನ್ನೆಯಂತೂ ಗೋಡೆ ಬಿಟ್ಟು ಒಂದು ಗೇಣು ಮುಂದಕ್ಕೆ ಬಂದು ನಿಂತಿತ್ತು. ಬೇರಿಂಗ್ ಹೋಗಿದೆ, ರಿಪೇರಿ ಮಾಡಿಸುವುದಕ್ಕಿಂತ ಹೊಸದು ತಗೊಳ್ಳಿ ಅಂತ ನೆಂಟರೊಬ್ಬರು ಹೇಳುತ್ತಿದ್ದಾರೆ. ನಿಜವಾ?

ಮೆಕ್ಯಾನಿಕ್:
ಆ ಮಾತು ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ಡ್ರಮ್ ತಿರುಗಲು ಆಧಾರವಾಗಿರುವ ಬೇರಿಂಗ್ ಸವೆದರೆ ಮೊದಲು ಕೇಳುವುದು ಸದ್ದು. ಗರಗರ ಅಂತ ಶುರುವಾಗಿ ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತದೆ. ಕುಣಿತ ಆಮೇಲಿನ ಮಾತು. ನೀವು ಅಂಥ ಸದ್ದಿನ ಬಗ್ಗೆ ಬರೆದೇ ಇಲ್ಲ.

ಏನನ್ನೂ ಬಿಚ್ಚುವ ಮೊದಲು ಡ್ರಮ್ ಪೂರ್ತಿ ಖಾಲಿ ಮಾಡಿ, ಸ್ಪಿನ್ ಮಾತ್ರ ಓಡಿಸಿ ನೋಡಿ. ಖಾಲಿ ಇದ್ದಾಗ ಸುಮ್ಮನೆ ತಿರುಗಿದರೆ ಹೆಚ್ಚಾಗಿ ನಾವು ಬಟ್ಟೆ ತುಂಬುವ ರೀತಿಯಲ್ಲಿ ತಪ್ಪಿರುತ್ತದೆ. ಖಾಲಿಯಲ್ಲೂ ಕುಣಿದರೆ ನೆಲ, ಕಾಲು ಅಥವಾ ಒಳಗಿನ ಯಾವುದೋ ಭಾಗ.

ಇನ್ನೊಂದು. ಸಾಗಿಸುವಾಗ ಹಿಂಬದಿಗೆ ಟ್ರಾನ್ಸಿಟ್ ಬೋಲ್ಟ್ ಹಾಕಿದ್ದರಾ? ಹಾಕಿದ್ದರೆ ಇಲ್ಲಿಗೆ ಬಂದ ಮೇಲೆ ತೆಗೆದರಾ? ಅದು ಟಬ್ಬನ್ನು, ಅಂದರೆ ಡ್ರಮ್ಮಿನ ಸುತ್ತ ನೀರು ನಿಲ್ಲುವ ತೊಟ್ಟಿಯನ್ನು, ಮಷೀನಿನ ಹೊರಮೈಗೆ ಬಿಗಿಯಾಗಿ ಹಿಡಿದಿಡುತ್ತದೆ. ತೆಗೆಯದೆ ಓಡಿಸಿದರೆ ಇಡೀ ಮಷೀನೇ ನೆಗೆಯುತ್ತದೆ.

ಪ್ರಶ್ನೆ ಕೇಳಿದವರು:
ಅಂಥದ್ದೊಂದು ಬೋಲ್ಟ್ ಇದೆ ಅಂತಲೇ ಗೊತ್ತಿರಲಿಲ್ಲ ಸರ್. ಹಾಕಿರಲಿಲ್ಲ. ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಈಗ ಖಾಲಿ ಓಡಿಸಿದೆ. ವೇಗ ಏರುವಾಗ ಜೋರಾಗಿ ಅಲುಗಾಡಿತು, ಪೂರ್ತಿ ವೇಗಕ್ಕೆ ಹೋದ ಮೇಲೆ ಸ್ವಲ್ಪ ತಣ್ಣಗಾಯಿತು. ನಿಲ್ಲುವಾಗ ಮತ್ತೆ ಒಂದು ಸಲ ಒದ್ದಾಡಿತು.

ಮೆಕ್ಯಾನಿಕ್:
ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ತುಂಬಾ ಒಳ್ಳೆಯ ಸುಳಿವು ಕೊಟ್ಟಿರಿ.

ಒಳಗೆ ಟಬ್ ಮೇಲಿನಿಂದ ಸ್ಪ್ರಿಂಗಿನಲ್ಲಿ ತೂಗಾಡುತ್ತಿರುತ್ತದೆ. ಅದು ಸುಮ್ನೆ ಹಾರಾಡದಿರಲಿ ಅಂತ ಭಾರದ ಕಾಂಕ್ರೀಟ್ ತುಂಡು ಕಟ್ಟಿರುತ್ತಾರೆ. ಕೆಳಗೆ ಎರಡು, ಕೆಲವದರಲ್ಲಿ ಮೂರು ನಾಲ್ಕು ಡ್ಯಾಂಪರ್ ಇರುತ್ತವೆ, ಬೈಕಿನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಮೇಲೆ ಮೇಲೆ ಹೋಗುತ್ತದಲ್ವಾ, ಟಬ್ಬಿಗೂ ಹಾಗೆ ಒಂದು ವೇಗ ಇದೆ. ಆ ವೇಗ ದಾಟುವಾಗ ತೂಗಾಟ ವಿಪರೀತ. ಅದನ್ನು ತಡೆಯುವುದೇ ಡ್ಯಾಂಪರ್ ಕೆಲಸ. ನಿಮ್ಮದು ಸರಿಯಾಗಿ ಅಲ್ಲೇ ಒದ್ದಾಡುತ್ತಿದೆ. ಡ್ಯಾಂಪರ್ ಮೇಲೆ ನನಗೆ ಅನುಮಾನ. ಬೋಲ್ಟ್ ಇಲ್ಲದೆ ಸಾಗಿಸಿದಾಗ ಪೆಟ್ಟು ಬೀಳುವುದು ಅದಕ್ಕೂ ಸ್ಪ್ರಿಂಗಿಗೂ.

ಆದರೂ ಕಾಲು ಮೊದಲು ನೋಡಿ. ಮೇಲಿನ ಎದುರುಬದುರು ಮೂಲೆಗಳ ಮೇಲೆ ಕೈಯಿಟ್ಟು ಒಂದಾದ ಮೇಲೊಂದು ಒತ್ತಿ. ಕುಂಟಿದರೆ ಒಂದು ಕಾಲು ನೆಲ ಮುಟ್ಟಿಲ್ಲ. ಕಾಲನ್ನು ತಿರುಗಿಸಿ ಮಟ್ಟ ಮಾಡಿ, ಆಮೇಲೆ ಲಾಕ್ ನಟ್ಟನ್ನು ಮೇಲಕ್ಕೆ, ಮಷೀನಿನ ಹೊರಮೈಗೆ ಒತ್ತುವಂತೆ ಬಿಗಿ ಮಾಡಿ. ಬಹಳ ಜನ ಈ ನಟ್ ಮರೆಯುತ್ತಾರೆ, ನಾಲ್ಕು ಸ್ಪಿನ್ ಆಗುವಷ್ಟರಲ್ಲಿ ಕಾಲು ತಾನೇ ಸಡಿಲವಾಗಿರುತ್ತದೆ. ಕಾಲು ಆದಷ್ಟು ಗಿಡ್ಡಕ್ಕಿರಲಿ. ರಸಮಟ್ಟ ಇದ್ದರೆ ಎಡ-ಬಲ, ಹಿಂದೆ-ಮುಂದೆ ಎರಡೂ ಕಡೆ ಇಟ್ಟು ನೋಡಿ.

ಆಮೇಲೆ ಪ್ಲಗ್ ತೆಗೆದು ಬಾಗಿಲು ತೆರೆಯಿರಿ. ಡ್ರಮ್ಮನ್ನು ಕೈಯಿಂದ ಜೋರಾಗಿ ಕೆಳಕ್ಕೆ ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲಬೇಕು. ತೊಟ್ಟಿಲ ಹಾಗೆ ಮೂರು ನಾಲ್ಕು ಸಲ ತೂಗಿದರೆ ಡ್ಯಾಂಪರ್ ಹಿಡಿಯುತ್ತಿಲ್ಲ. ಹಾಗೆಯೇ ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆ ಎತ್ತಿ. ಡ್ರಮ್ಮೂ ಟಬ್ಬೂ ಒಟ್ಟಿಗೆ ಏಳಬೇಕು. ಡ್ರಮ್ ಮಾತ್ರ ಟಕ್ ಅಂತ ಅಲ್ಲಾಡಿದರೆ, ಆಗ ನಿಮ್ಮ ನೆಂಟರ ಮಾತಿಗೆ ಬರೋಣ.

ಸದಸ್ಯರೊಬ್ಬರು:
ಇಷ್ಟೆಲ್ಲ ಯಾಕೆ? ಕೆಳಗೆ ಹಳೇ ಹಾಸಿಗೆಯ ಫೋಮ್ ಹಾಕಿದರೆ ಆಯಿತು. ನಾವು ಹಾಗೇ ಮಾಡಿದ್ದು, ಸದ್ದೇ ಇಲ್ಲ.

ಮೆಕ್ಯಾನಿಕ್:
ಸದ್ದು ಇಲ್ಲ, ಸರಿ. ಅಲುಗಾಟ? ಮೆತ್ತಗಿನ ಜಾಗದಲ್ಲಿ ಮಷೀನ್ ಇನ್ನೂ ಜಾಸ್ತಿ ತೂಗುತ್ತದೆ, ಪೆಟ್ಟೆಲ್ಲ ಒಳಗಿನ ಭಾಗಗಳಿಗೆ. ನುಣುಪು ಟೈಲ್ಸ್ ಮೇಲೆ ಜಾರದಿರಲು ಗಟ್ಟಿ ರಬ್ಬರ್ ಪ್ಯಾಡ್ ಹಾಕಿ, ಬೇಡ ಅನ್ನುವುದಿಲ್ಲ. ಚಕ್ರದ ಸ್ಟ್ಯಾಂಡ್ ಕಂಡರಂತೂ ನನಗೆ ಮೈ ಉರಿಯುತ್ತದೆ.

ಇನ್ನೊಬ್ಬ ಸದಸ್ಯರು:
ಸರ್, ನಮ್ಮದು ಟಾಪ್ ಲೋಡ್. ದಿನದ ಬಟ್ಟೆಗೆ ಏನೂ ತೊಂದರೆ ಇಲ್ಲ. ದಪ್ಪ ಹೊದಿಕೆ ಒಂದನ್ನೇ ಹಾಕಿದರೆ ಸ್ಪಿನ್ ನಡುವೆ ನಿಂತು ಮತ್ತೆ ನೀರು ತುಂಬಿಕೊಳ್ಳುತ್ತದೆ. ಎರಡು ಮೂರು ಸಲ ಹೀಗೇ ಮಾಡಿ ಎರರ್ ತೋರಿಸುತ್ತದೆ.

ಮೆಕ್ಯಾನಿಕ್:
ಅದು ಕೆಟ್ಟಿಲ್ಲ. ಭಾರವೆಲ್ಲ ಒಂದೇ ಕಡೆ ಸೇರಿದ್ದು ಗೊತ್ತಾಗಿ, ನೀರು ತುಂಬಿ ಹೊದಿಕೆಯನ್ನು ಹರಡಲು ನೋಡುತ್ತಿದೆ. ಒಂದು ಲೆಕ್ಕ ಹೇಳುತ್ತೇನೆ. ಡ್ರಮ್ಮಿನ ನಡುವಿನಿಂದ 24 ಸೆಂಟಿಮೀಟರ್ ದೂರದಲ್ಲಿ ಅರ್ಧ ಕೆಜಿ ಒದ್ದೆ ಬಟ್ಟೆ ಜಾಸ್ತಿ ಇದೆ ಅಂದುಕೊಳ್ಳಿ. ನಿಮಿಷಕ್ಕೆ 600 ಸುತ್ತಿನಲ್ಲಿ ಅದು ಸುಮಾರು 48 ಕೆಜಿ ಭಾರದಷ್ಟು ಬಲದಿಂದ ಎಳೆಯುತ್ತದೆ. 1200 ಸುತ್ತಿನಲ್ಲಿ 190 ಕೆಜಿ ದಾಟುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿ ನಿಲ್ಲಿಸುವುದೇ ಸರಿ.

ಹೊದಿಕೆಯನ್ನು ಉಂಡೆ ಮಾಡಿ ತುರುಕಬೇಡಿ, ಸುತ್ತಲೂ ಸಮನಾಗಿ ಹರಡಿ. ಫ್ರಂಟ್ ಲೋಡ್ ಇರುವವರು ಭಾರದ ಬಟ್ಟೆ ಒಂದೇ ಇದ್ದರೆ ಜೊತೆಗೆ ಎರಡು ಮೂರು ಟವೆಲ್ ಹಾಕಿ. ನೀರು ಇಳಿಯದ ಬಟ್ಟೆಯನ್ನು ಮಾತ್ರ, ರೇನ್‌ಕೋಟ್, ಹಾಸಿಗೆಯ ವಾಟರ್‌ಪ್ರೂಫ್ ಕವರ್ ಅಂಥದ್ದನ್ನು, ಸ್ಪಿನ್‌ಗೆ ಹಾಕಲೇಬೇಡಿ. ಒಳಗೆ ನೀರು ಚೀಲದ ಹಾಗೆ ನಿಂತಿರುತ್ತದೆ. ಪೂರ್ತಿ ವೇಗದಲ್ಲಿ ಆ ನೀರು ಒಮ್ಮೆಲೇ ಜಾಗ ಬದಲಾಯಿಸಿದರೆ ಮಷೀನೇ ಮುರಿದುಹೋಗಬಹುದು.

ಮುಂದೆ ದಿನದ ಬಟ್ಟೆಗೂ ಹೀಗೇ ಆಗತೊಡಗಿದರೆ ಟಬ್ ನೇತುಹಾಕಿರುವ ನಾಲ್ಕು ಸಸ್ಪೆನ್ಷನ್ ರಾಡ್ ನೋಡಿಸಿ. ಬದಲಿಸಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ ಕೇಳಿದವರು:
ಸರ್, ಮಾಡಿದೆ. ಬಲಗಡೆ ಹಿಂದಿನ ಕಾಲು ಕುಂಟುತ್ತಿತ್ತು, ಸರಿ ಮಾಡಿದೆವು. ಡ್ರಮ್ ಒತ್ತಿ ಬಿಟ್ಟರೆ ನಾಲ್ಕು ಸಲ ತೂಗಿತು. ಎತ್ತಿದಾಗ ಟಕ್ ಅನ್ನಲಿಲ್ಲ. ಮನೆಯವರು ಮಷೀನನ್ನು ಹಿಂದಕ್ಕೆ ವಾಲಿಸಿ ಹಿಡಿದರು, ನಾನು ಟಾರ್ಚ್ ಬಿಟ್ಟು ನೋಡಿದೆ. ಒಂದು ಕಡೆಯ ಡ್ಯಾಂಪರ್ ಕೆಳಗಿನ ತುದಿ ಕಳಚಿ ನೇತಾಡುತ್ತಿದೆ. ಎಣ್ಣೆ ಹಾಕಿ ಮತ್ತೆ ಸಿಕ್ಕಿಸಿದರೆ ಸಾಕಾ?

ಮೆಕ್ಯಾನಿಕ್:
ಎಣ್ಣೆ ಮಾತ್ರ ಬೇಡ. ಡ್ಯಾಂಪರ್ ಕೆಲಸ ಮಾಡುವುದೇ ಉಜ್ಜುವಿಕೆಯಿಂದ. ಎಣ್ಣೆ ಬಿದ್ದರೆ ಇದ್ದ ಹಿಡಿತವೂ ಹೋಗುತ್ತದೆ. ಡ್ಯಾಂಪರ್ ತುದಿಯನ್ನು ಹಿಡಿದಿಡುವ ಪಿನ್ ಪ್ಲಾಸ್ಟಿಕ್ಕಿನದು, ಮುರಿದಿರಬಹುದು. ಕಳಚಿದ್ದನ್ನು ಕೈಯಲ್ಲಿ ಹಿಡಿದು ಎಳೆದು ಒತ್ತಿ ನೋಡಿ. ಬಿಗಿಯಾಗಿ, ಕಷ್ಟಪಟ್ಟು ಚಲಿಸಿದರೆ ಜೀವ ಇದೆ, ಪಿನ್ ಮಾತ್ರ ಸಾಕು. ಸಲೀಸಾಗಿ ಬಂದರೆ ಬದಲಿಸಿ, ಎರಡೂ ಕಡೆಯದನ್ನು ಒಟ್ಟಿಗೆ. ಒಂದು ಹೊಸದು ಒಂದು ಹಳೆಯದು ಆದರೆ ಟಬ್ ಓರೆಯಾಗಿ ತೂಗುತ್ತದೆ. ಮಾಡೆಲ್ ನಂಬರ್ ತೋರಿಸಿಯೇ ತರಿಸಿ. ಅಲ್ಲಿಯವರೆಗೆ ಒಗೆಯಲು ಮಾತ್ರ ಬಳಸಿ, ಸ್ಪಿನ್ ಬೇಡ. ನೀರು ಕೈಯಲ್ಲೇ ಹಿಂಡಿ.

ಪ್ರಶ್ನೆ ಕೇಳಿದವರು (ಐದು ದಿನದ ನಂತರ):
ಎರಡೂ ಹೊಸದು ಹಾಕಿಸಿದೆವು ಸರ್. ಹಳೆಯದು ಪೆನ್ನಿನ ಕ್ಯಾಪ್ ಹಾಗೆ ಸಲೀಸಾಗಿ ಬರುತ್ತಿತ್ತು. ಈಗ ಪೂರ್ತಿ ಬಟ್ಟೆ ಹಾಕಿ 1000ದಲ್ಲಿ ಓಡಿಸಿದೆ, ನಿಂತ ಜಾಗ ಬಿಟ್ಟು ಕದಲಲಿಲ್ಲ. ಇನ್ನೊಂದು ವಿಷಯ. ಸಾಮಾನು ಡಬ್ಬದಲ್ಲಿ ನಾಲ್ಕು ಉದ್ದ ಬೋಲ್ಟ್ ಸಿಕ್ಕವು. ಮಂಚದ್ದು ಅಂತ ಇಷ್ಟು ವರ್ಷ ಎತ್ತಿಟ್ಟಿದ್ದೆವು. ಪ್ಲಾಸ್ಟಿಕ್ ಬುಶ್ ಇದೆ.

ಮೆಕ್ಯಾನಿಕ್:
ಅವೇ. ಒಂದು ಕವರಿನಲ್ಲಿ ಹಾಕಿ ಮಷೀನಿನ ಬೆನ್ನಿಗೆ ಟೇಪ್ ಹಚ್ಚಿಬಿಡಿ.