ಸಹಾಯ ಬೇಕು: ತಿರುವೈಯಾರು ಆರಾಧನೆ, ಜೊತೆಗೆ ಮಂಡಿನೋವಿನ ಹಿರಿಯರು

ಎಲ್ಲರಿಗೂ ನಮಸ್ಕಾರ. ಪುಷ್ಯ ಬಹುಳ ಪಂಚಮಿಯಂದು ನಡೆಯುವ ಸಂಗೀತಗಾರ ತ್ಯಾಗರಾಜರ ಪುಣ್ಯತಿಥಿಯ ಆರಾಧನೆಗೆ ತಮಿಳುನಾಡಿನ ತಿರುವೈಯಾರಿಗೆ ಹೊರಟಿದ್ದೇವೆ. ರಾತ್ರಿ ರೈಲಿನಲ್ಲಿ ತಂಜಾವೂರು, ಅಲ್ಲೇ ವಸತಿ; ಅಲ್ಲಿಂದ ಸುಮಾರು 13 ಕಿ.ಮೀ. ತ್ಯಾಗರಾಜರ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಒಟ್ಟಾಗಿ ಹಾಡುವ ಗೋಷ್ಠಿಗಾಯನ ಬೆಳಿಗ್ಗೆ 9ರ ಹೊತ್ತಿಗೆ ಶುರು. ನಾಟ ರಾಗದ 'ಜಗದಾನಂದಕಾರಕ'ದಿಂದ ಶ್ರೀರಾಗದ 'ಎಂದರೋ'ವರೆಗೆ ಐದೂ ಕೃತಿ ಕೇಳಲೇಬೇಕು, ನಡುವೆ ಎದ್ದು ಬರುವಂತಿಲ್ಲ. ತಡವಾದರೆ ಜನಸಂದಣಿಯಲ್ಲಿ ಚಪ್ಪರದ ಹೊರಗೇ ನಿಲ್ಲಬೇಕಾಗುತ್ತದೆ, ಅತ್ತೆಗೆ ನೆಲದ ಮೇಲೆ ಕೂರಲಾಗದು.

ಹೋಗಿಬಂದವರು ದಯವಿಟ್ಟು ತಿಳಿಸಿ: ಅಂದು ಆಟೋ ಎಲ್ಲಿಯವರೆಗೆ ಬಿಡುತ್ತಾರೆ? ಮಡಚುವ ಕುರ್ಚಿ ಒಯ್ಯಬಹುದೇ? ಎಷ್ಟು ಗಂಟೆಗೆ ತಲುಪಿದರೆ ಜಾಗ ಸಿಗುತ್ತದೆ? ಹತ್ತಿರ ಶೌಚಾಲಯ ಇದೆಯೇ?

ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಸಮಾಧಿಯೂ ಅಲ್ಲೇ ಇದೆ. ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ನಮ್ಮ ನಂಜನಗೂಡಿನ ಆ ತಾಯಿಗೂ ಹೂವಿಡಬೇಕು. ಜನ ಕರಗಿದ ಮೇಲೆ, ಮಧ್ಯಾಹ್ನ ಹೋದರೆ ಬಾಗಿಲು ತೆರೆದಿರುತ್ತದೆಯೇ?